ತಮ್ಮನ ಎದೆಯೊಳಗಿನ ಹೊಲಿಗೆ

ನಮ್ಮ ಅತ್ತಿಗೆ ಸಿಟ್ಟು ಬಂದರೆ ಕೂಗಾಡುತ್ತಿರಲಿಲ್ಲ. ಕೂಗಾಡಿದ್ದರೆ ನನ್ನ ಗಂಡ ಬದುಕಿಕೊಳ್ಳುತ್ತಿದ್ದರು. ಅವರ ಸಿಟ್ಟು ಸಣ್ಣ ಉರಿಯ ಮೇಲಿಟ್ಟ ಪಾತ್ರೆಯ ಹಾಗೆ. ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ, ತಳ ಮಾತ್ರ ಹತ್ತುತ್ತಾ ಇರುತ್ತದೆ. ಹದಿನೆಂಟು ವರ್ಷ ಆ ಉರಿ ಆರಲಿಲ್ಲ. ಅತ್ತಿಗೆ ಎಂದರೆ ನನ್ನ ಗಂಡನ ಒಡಹುಟ್ಟಿದ ಅಕ್ಕ, ಅವರಿಗಿಂತ ಆರು ವರ್ಷ ದೊಡ್ಡವರು. ಸಿಟ್ಟು ಯಾರ ಮೇಲೆ ಎಂದರೆ ಆ ತಮ್ಮನ ಮೇಲೆಯೇ. ಹೆಂಡತಿಯಾದವಳು ನಾನು ಗಂಡನ ಪರ ಮಾತಾಡಬೇಕು. ಆದರೆ ಇದರಲ್ಲಿ ನ್ಯಾಯ ಅತ್ತಿಗೆಯದು. ನಮ್ಮವರು ಹೋಗಿ ಆರು ವರ್ಷವಾಯಿತು. ಈಗ ಬರೆದರೆ ಕಣ್ಣು ಕೆಕ್ಕರಿಸುವವರು ಯಾರೂ ಇಲ್ಲ.

ಅವರಿಬ್ಬರೂ ತಾಯಿ ಇಲ್ಲದ ಮಕ್ಕಳು. ತಮ್ಮನ ಮೂಗು ಒರೆಸಿದ್ದು, ತಲೆ ಬಾಚಿದ್ದು, ಸ್ಕೂಲಿಗೆ ದರದರ ಎಳೆದುಕೊಂಡು ಹೋಗಿದ್ದು ಎಲ್ಲ ಅತ್ತಿಗೆಯೇ. ಅವರು ಮದುವೆ ಆಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಒಬ್ಬ ಗಂಡಸನ್ನ ಸಾಕೋದರಲ್ಲೇ ನನ್ನ ಸೊಂಟ ಮುರೀತು, ಇನ್ನೊಬ್ಬನ್ನ ಯಾರು ಹೊರ್ತಾರೆ?" ಎನ್ನುತ್ತಿದ್ದರು.

ಅತ್ತಿಗೆ ಕೆಲಸ ಮಾಡುತ್ತಿದ್ದುದು ಹೃದಯಕ್ಕೆ ಹಾಕುವ ವಾಲ್ವು ತಯಾರಿಸುವ ಕಾರ್ಖಾನೆಯಲ್ಲಿ. ಹೃದಯದೊಳಗೆ ರಕ್ತ ಹಿಂದಕ್ಕೆ ನುಗ್ಗದ ಹಾಗೆ ತೆರೆದು ಮುಚ್ಚುವ ಪುಟ್ಟ ಬಾಗಿಲುಗಳಿವೆ. ಅವು ಕೆಟ್ಟುಹೋದವರಿಗೆ ಬೇರೆಯದನ್ನು ಕೂರಿಸುತ್ತಾರೆ. ಲೋಹದ್ದು ಒಂದು ಜಾತಿ, ದನದ್ದು ಇನ್ನೊಂದು ಜಾತಿ. ಆ ಕಾರ್ಖಾನೆಯದು ದನದ್ದು. ದನದ ಹೃದಯವನ್ನು ಸುತ್ತಿಕೊಂಡಿರುವ ಪೊರೆಯನ್ನು ಔಷಧದ ನೀರಿನಲ್ಲಿ ಹದ ಮಾಡಿ, ಮೂರು ಎಸಳು ಕತ್ತರಿಸಿ, ಬಟ್ಟೆ ಸುತ್ತಿದ ಮೂರು ಕಂಬದ ಉಂಗುರಕ್ಕೆ ಹೊಲಿಯುವುದು. ಇದು ಮಿಷನ್ನಿಗೆ ಬಗ್ಗುವ ಕೆಲಸವಲ್ಲ. ಹೆಂಗಸರು ಮೈಕ್ರೊಸ್ಕೋಪಿನಲ್ಲಿ ಕಣ್ಣಿಟ್ಟು ಕೈಯಲ್ಲೇ ಹೊಲಿಯಬೇಕು. ಸೂಜಿ ರೆಪ್ಪೆಯ ಕೂದಲಿನಷ್ಟು, ಒಂದು ವಾಲ್ವಿಗೆ ಸಾವಿರಕ್ಕೂ ಹೆಚ್ಚು ಹೊಲಿಗೆ. ವಾರಕ್ಕೆ ನಾಲ್ಕು ಮುಗಿಸಿದವಳು ಗಟ್ಟಿಗಿತ್ತಿ. ಅತ್ತಿಗೆ ಪ್ರತಿ ವಾರವೂ ನಾಲ್ಕು ಮುಗಿಸುತ್ತಿದ್ದರು. ಅವರ ನಂಬರು ಹದಿನಾಲ್ಕು. ಜೊತೆಯ ಹೆಂಗಸರು ಇಟ್ಟ ಹೆಸರು ಗಂಟಕ್ಕ, ಏಕೆಂದರೆ ಅವರು ಹಾಕಿದ ಗಂಟನ್ನು ಬಿಚ್ಚಿದವರು ಇರಲಿಲ್ಲ.

ಆ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಒಂದೇ. ಪೊರೆ ಒಣಗಬಾರದು. ಹೊಲಿಯುತ್ತಾ ಹೊಲಿಯುತ್ತಾ ನಿಮಿಷಕ್ಕೊಮ್ಮೆ ಉಪ್ಪುನೀರು ಚಿಮುಕಿಸುತ್ತಲೇ ಇರಬೇಕು. ಮೂಗು ತುರಿಸಿದರೂ ಸರಿ, ಮನೆಯಿಂದ ಕೆಟ್ಟ ಸುದ್ದಿ ಬಂದರೂ ಸರಿ, ಮೊದಲು ವಾಲ್ವು ಔಷಧದ ನೀರಿನ ಜಾಡಿಗೆ, ಆಮೇಲೆ ನೀನು. ಒಮ್ಮೆ ಒಣಗಿದ ಪೊರೆಗೆ ಮತ್ತೆ ಎಷ್ಟು ನೀರು ಹೊಯ್ದರೂ ಅದು ಹಳೆಯ ಪೊರೆಯಾಗುವುದಿಲ್ಲ. ಮನುಷ್ಯನೊಳಗೆ ಹೋದ ಮೇಲೆ ಬೇಗ ಹರಿಯುತ್ತದೆ.

ತಮ್ಮನನ್ನು ಆ ಕಾರ್ಖಾನೆಗೆ ಸೇರಿಸಿದ್ದೂ ಅತ್ತಿಗೆಯೇ. ಮೂರು ಕಡೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದವರನ್ನು ಮ್ಯಾನೇಜರ ಹತ್ತಿರ ಕರೆದುಕೊಂಡು ಹೋಗಿ, "ಇವನ ಕಣ್ಣು ಚುರುಕು, ಬಾಯಿ ಕಡಿಮೆ" ಎಂದು ಹೇಳಿ ನಿಲ್ಲಿಸಿದರು. ಕಣ್ಣು ಚುರುಕಾಗಿದ್ದು ನಿಜ. ಕೆಲವೇ ವರ್ಷದಲ್ಲಿ ನಮ್ಮವರು ತಪಾಸಣೆಯ ಮೇಜಿಗೆ ಬಂದರು. ಹೆಂಗಸರು ಹೊಲಿದದ್ದನ್ನೆಲ್ಲ ದೀಪದ ಕೆಳಗಿಟ್ಟು ನೋಡಿ ಪಾಸು ಫೇಲು ಬರೆಯುವುದು. ಅವರಿಗೆ ಭೂತಗನ್ನಡಿ ಎಂದು ಹೆಸರು ಬಿತ್ತು. ನಾನು ಮದುವೆಯಾಗಿ ಬಂದ ಮೇಲೆ ನನಗೂ ಅತ್ತಿಗೆ ಅಲ್ಲಿಯೇ ಜಾಡಿ ತೊಳೆಯುವ ಕೋಣೆಯಲ್ಲಿ ಕೆಲಸ ಕೊಡಿಸಿದರು. ಮೂವರೂ ಒಂದೇ ಮನೆಯಲ್ಲಿದ್ದು ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು.

ಅತ್ತಿಗೆಗೆ ಐವತ್ತನಾಲ್ಕು ನಡೆಯುತ್ತಿದ್ದಾಗ ಒಂದು ಶುಕ್ರವಾರ ಆದದ್ದು ಇದು. ಅವರ ಆ ವಾರದ ನಾಲ್ಕು ವಾಲ್ವು ತಪಾಸಣೆಗೆ ಹೋಗಿದ್ದವು. ಬೆಳಗ್ಗೆ ನಮ್ಮವರು ಒಂದನ್ನು ನೋಡಿ ಪಾಸು ಬರೆದರು. ಮಧ್ಯಾಹ್ನ ಕೆಲಸ ಬೇಗ ಮುಗಿಯಲಿ ಎಂದು ಉಳಿದ ಮೂರನ್ನೂ ಒಟ್ಟಿಗೆ ಜಾಡಿಯಿಂದ ತೆಗೆದು ದೀಪದ ಕೆಳಗಿಟ್ಟರು. ಹಾಗೆ ಮಾಡಬಾರದು, ಒಂದೊಂದೇ ತೆಗೆಯಬೇಕು. ಅಷ್ಟರಲ್ಲಿ ಕೆಳಗೆ ಅಂಗಳದಲ್ಲಿ ಕಾರ್ಖಾನೆಯ ಯಜಮಾನರ ಹೊಸ ಕಾರು ಬಂದು ನಿಂತಿತು. ಮೇಲಿನವರೆಲ್ಲ ನೋಡಲು ಇಳಿದರು. ನಮ್ಮವರೂ ಇಳಿದರು. ನೋಡಿದ್ದು ಸಾಲದೆ ಒಳಗೆ ಕೂತೂ ಬಂದರು.

ನಾನು ತೊಳೆದ ಜಾಡಿಗಳ ತಟ್ಟೆ ಹಿಡಿದು ತಪಾಸಣೆ ಕೋಣೆಗೆ ಹೋದಾಗ ಮೂರು ವಾಲ್ವೂ ಬಿಸಿ ದೀಪದ ಕೆಳಗೆ ಒಣ ತಟ್ಟೆಯಲ್ಲಿದ್ದವು. ಎಸಳಿನ ಅಂಚು ಈರುಳ್ಳಿ ಸಿಪ್ಪೆಯ ಹಾಗೆ ಮುದುರಿತ್ತು. ಬೆನ್ನ ಹಿಂದೆಯೇ ನಮ್ಮವರು ಬಂದರು. ನೋಡಿದವರೇ ಉಪ್ಪುನೀರು ಸುರಿದರು. ಸುರಿದರೆ ಏನು ಬಂತು? ಆಮೇಲೆ ಸಣ್ಣ ಚಿಮಟಿಗೆ ತೆಗೆದುಕೊಂಡು ಮೂರರಲ್ಲೂ ಒಂದೊಂದು ಕಡೆ ದಾರವನ್ನು ಚಿವುಟಿ ಎಳೆದರು. ಒಣಗಿದ್ದು ಎಂದರೆ ತಪ್ಪು ತಪಾಸಣೆ ಮೇಜಿನದು. ಹೊಲಿಗೆ ಎಳೆದಿದೆ ಎಂದರೆ ತಪ್ಪು ಹೊಲಿದವಳದು.

"ನೀನು ಏನೂ ನೋಡಿಲ್ಲ" ಎಂದರು ನನಗೆ.

ನಾನು ಜಾಡಿ ಇಟ್ಟು ಬಂದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಕೆಲಸ ನಮ್ಮದು. ಅವತ್ತು ಸಂಜೆ ಬಟ್ಟೆ ಬಿಚ್ಚಿದ ಮೇಲೂ ನಾನು ಬಾಯಿ ಬಿಡಲಿಲ್ಲ.

ಸೋಮವಾರ ಅತ್ತಿಗೆಯನ್ನು ಮ್ಯಾನೇಜರು ಕರೆಸಿದರು. ಕಾಗದದಲ್ಲಿ ಬರೆದಿತ್ತು: ಹದಿನಾಲ್ಕನೇ ನಂಬರಿನ ಕೆಲಸಗಾರ್ತಿಗೆ ಕೈ ನಡುಕ ಬಂದಿದೆ, ಮೂರು ವಾಲ್ವಿನಲ್ಲಿ ಹೊಲಿಗೆ ಎಳೆದಿದೆ, ಇನ್ನು ಈ ಕೆಲಸಕ್ಕೆ ತಕ್ಕವರಲ್ಲ. ಕೆಳಗೆ ತಮ್ಮನ ಸಹಿ. ಅತ್ತಿಗೆ ಅದನ್ನು ಎರಡು ಸಲ ಓದಿದರು. ಮ್ಯಾನೇಜರ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಕಂಠಮಟ್ಟ ತುಂಬಿದರು. ಬಲಗೈ ಚಾಚಿ, ಅಂಗೈ ಕೆಳಗೆ ಮಾಡಿ, ಲೋಟವನ್ನು ಮುಂಗೈ ಮೇಲೆ ಇಟ್ಟುಕೊಂಡರು. ಗೋಡೆಯ ಗಡಿಯಾರದಲ್ಲಿ ಮುಳ್ಳು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಒಂದು ಹನಿಯೂ ತುಳುಕಲಿಲ್ಲ.

ಮ್ಯಾನೇಜರು ನೋಡಿದರು. "ನಾನೇನು ಮಾಡಲಮ್ಮಾ? ಬರೆದವರು ನಿಮ್ಮ ಸ್ವಂತ ತಮ್ಮ. ಸುಳ್ಳು ಯಾಕೆ ಬರೀತಾರೆ?" ಎಂದರು. ಎಂದು ಕೆಲಸದಿಂದ ತೆಗೆಯುವ ಕಾಗದಕ್ಕೆ ಸಹಿ ಹಾಕಿಯೇಬಿಟ್ಟರು.

ಆ ಮಾತು ಅತ್ತಿಗೆಯ ಎದೆಗೆ ನಾಟಿತು. ಅವತ್ತೇ ಬಟ್ಟೆಬರೆ ಕಟ್ಟಿಕೊಂಡು ನಮ್ಮ ಬೀದಿಯ ತುದಿಯ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದರು. ಕೈ ನಡುಕ ಎಂದು ಕಾಗದದಲ್ಲಿ ಬಿದ್ದವಳನ್ನು ಬೇರೆ ಯಾವ ಕಾರ್ಖಾನೆ ಕರೆಯುತ್ತದೆ? ಕಿಟಕಿಯ ಹತ್ತಿರ ಕೂತು ಹರಿದ ಬಟ್ಟೆಗೆ ರಫೂ ಮಾಡುವ ಕೆಲಸ ಹಿಡಿದರು. ರಫೂ ಆದ ಜಾಗ ಎಲ್ಲಿ ಎಂದು ಬಟ್ಟೆಯ ಒಡೆಯರೇ ಹುಡುಕಬೇಕಾಗಿತ್ತು.

ತಮ್ಮನ ಜೊತೆ ಮಾತು ಬಿಟ್ಟರು, ಮನೆಗೆ ಬರುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ನಮ್ಮವರಿಗೆ ಹಾಯಾಗುತ್ತಿತ್ತಲ್ಲ! ಪ್ರತಿ ಭಾನುವಾರ ಬಂದು ಸರಿಯಾಗಿ ಅವರ ಎದುರಿನ ಕುರ್ಚಿಯಲ್ಲೇ ಕೂರುತ್ತಿದ್ದರು. "ಆ ಕುರ್ಚೀಲಿ ಕೂತಿರೋರಿಗೆ ಹೇಳು, ಅಂಗಿ ಗುಂಡಿ ಕಿತ್ತಿದೆ ಅಂತ. ಹೊಲಿದುಕೊಡೋಣ ಅಂದ್ರೆ ನನಗೆ ಕೈ ನಡುಕ ನೋಡು" ಎಂದು ನನಗೆ ಹೇಳುತ್ತಿದ್ದರು. ನಮ್ಮವರು ಪೇಪರು ಅಡ್ಡ ಹಿಡಿಯುತ್ತಿದ್ದರು.

ಹೀಗೆ ಎರಡೂವರೆ ವರ್ಷ ಕಳೆಯಿತು. ನಮ್ಮವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಒಂದು ದಿನ ಬಸ್ಸಿಗೆ ಓಡಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ತೋರಿಸಿದರೆ ಹೃದಯದ ಡಾಕ್ಟರಮ್ಮ ಹೇಳಿದರು: ಹುಟ್ಟಿನಿಂದಲೇ ಇವರ ವಾಲ್ವಿಗೆ ಮೂರು ಎಸಳಿಲ್ಲ, ಎರಡೇ. ಅದೀಗ ಕಲ್ಲಾಗಿದೆ. ಬದಲಾಯಿಸಬೇಕು. "ಲೋಹದ್ದು ಹಾಕಿದರೆ ಸವೆಯೋದಿಲ್ಲ, ಆದರೆ ಸಾಯೋವರೆಗೂ ರಕ್ತ ತೆಳ್ಳಗೆ ಮಾಡೋ ಮಾತ್ರೆ ತಗೋಬೇಕು. ದನದ್ದಾದರೆ ಆ ಗೋಜಿಲ್ಲ, ಆದರೆ ಅದಕ್ಕೆ ಆಯುಷ್ಯ ಇದೆ. ಹತ್ತು ವರ್ಷ, ಹದಿನೈದು, ಅದೃಷ್ಟ ಇದ್ದರೆ ಇನ್ನೂ ಒಂದೆರಡು. ನಿಮಗೆ ಐವತ್ತೊಂದು. ವಯಸ್ಸು ಕಡಿಮೆ ಇದ್ದಷ್ಟೂ ಬೇಗ ಗಟ್ಟಿಯಾಗುತ್ತೆ. ಯೋಚನೆ ಮಾಡಿ." ನಮ್ಮವರು ಯೋಚನೆ ಮಾಡಲಿಲ್ಲ. ಮಾತ್ರೆ ಎಂದರೆ ಅವರಿಗೆ ಮಗುವಿನ ಹಾಗೆ ವಾಕರಿಕೆ. ದನದ್ದೇ ಆಗಲಿ ಎಂದರು.

ಆಪರೇಷನ್ನಿನ ದಿನ ಅತ್ತಿಗೆ ಬಂದರು. "ಅವನಿಗೋಸ್ಕರ ಅಲ್ಲ. ನೀನೊಬ್ಬಳೇ ಕೂತಿರ್ತೀಯ ಅಂತ" ಎಂದರು. ಆಸ್ಪತ್ರೆಯ ಓಣಿಯಲ್ಲಿ ಬೆಂಚಿನ ಮೇಲೆ ಇಬ್ಬರೂ ಕೂತೆವು. ಒಂದು ಗಂಟೆ, ಎರಡು ಗಂಟೆ. ಬಚ್ಚಿಟ್ಟುಕೊಂಡದ್ದನ್ನು ನನಗೆ ಇನ್ನು ತಡೆಯಲಾಗಲಿಲ್ಲ. ಇವರು ಒಳಗೇ ಉಳಿದರೆ ಆ ಸುಳ್ಳು ನನ್ನೊಬ್ಬಳದೇ ಆಗಿ ಉಳಿಯುತ್ತದೆ ಎನಿಸಿತು. ದೀಪ, ಕಾರು, ಮೂರು ವಾಲ್ವು, ಚಿಮಟಿಗೆ, ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡಿದ್ದೆ.

ಅತ್ತಿಗೆ ನೆಲ ನೋಡುತ್ತಾ ಕೂತರು. "ಕಾರಾ? ಕಾರು ನೋಡೋಕೆ ಹೋಗಿದ್ನಾ?" ಎಂದರು. ಆಮೇಲೆ, "ಎಷ್ಟು ದೊಡ್ಡ ಕಾರು?"

"ಅತ್ತಿಗೆ, ಶಾಪ ಹಾಕಬೇಡಿ. ಒಳಗೆ ಎದೆ ಬಿಚ್ಚಿಕೊಂಡು ಮಲಗಿದ್ದಾರೆ" ಎಂದು ನಾನು ಅತ್ತುಬಿಟ್ಟೆ.

"ಶಾಪ ಯಾಕೆ ಹಾಕಲಿ? ಅವನು ಸಾಯಕೂಡದು. ಸತ್ತರೆ ಆ ಕಾಗದ ಹಾಗೇ ಉಳೀತದೆ. ಬರೆದ ಕೈಯಿಂದಲೇ ಅದನ್ನ ಅಳಿಸಬೇಕು ನಾನು."

ನಮ್ಮವರು ಉಳಿದರು. ಐದನೇ ದಿನ ನರ್ಸು ಒಂದು ಕಾರ್ಡು ಕೊಟ್ಟಳು. ಒಳಗೆ ಕೂರಿಸಿದ ವಾಲ್ವಿನ ನಂಬರು ಅದರಲ್ಲಿರುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ ಎಂದಳು. ಅತ್ತಿಗೆ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ನಮ್ಮ ಕಾರ್ಖಾನೆಯ ನಂಬರು. ವರ್ಷವೂ ವಾರವೂ ಆ ನಂಬರಿನಲ್ಲೇ ಇರುತ್ತವೆ. ಅವರ ಕಣ್ಣು ಸಣ್ಣದಾಯಿತು. ಮಾರನೆಯ ದಿನ ಕಾರ್ಖಾನೆಯ ಕಡತದ ಕೋಣೆಯಲ್ಲಿದ್ದ ಹಳೆಯ ಗೆಳತಿಯನ್ನು ಕೇಳಿ ಬಂದರು. ಬಂದವರ ಮುಖ ನೋಡಬೇಕಾಗಿತ್ತು. ಎರಡೂವರೆ ವರ್ಷದಲ್ಲಿ ಮೊದಲ ಸಲ ಹಲ್ಲು ಕಂಡವು. ನೆಟ್ಟಗೆ ತಮ್ಮನ ಮಂಚದ ಹತ್ತಿರ ಹೋಗಿ, ಮಾತು ಬಿಟ್ಟವರು, ಮಾತಾಡಿದರು.

"ಲೋ ಭೂತಗನ್ನಡಿ. ನಿನ್ನ ಎದೇಲಿರೋದು ಯಾರು ಹೊಲಿದಿದ್ದು ಗೊತ್ತಾ? ಹದಿನಾಲ್ಕನೇ ನಂಬರು. ಯಾವ ದಿನ ಪಾಸಾಗಿದ್ದು ಗೊತ್ತಾ? ಆ ಶುಕ್ರವಾರ ಬೆಳಗ್ಗೆ. ನಾಲ್ಕರಲ್ಲಿ ನಿನ್ನ ಕೈಗೆ ಸಿಕ್ಕೂ ಬದುಕಿಕೊಂಡಿದ್ದು ಅದೊಂದೇ ಕಣೋ. ಬೆಳಗ್ಗೆ ನೆಟ್ಟಗಿದ್ದ ಕೈ ಮಧ್ಯಾಹ್ನ ನಡುಗಿತಾ? ಊಟದಲ್ಲಿ ಏನು ತಿಂದಿದ್ದೆ ನಾನು?"

ನಮ್ಮವರು ನನ್ನ ಕಡೆ ಒಂದು ನೋಟ ನೋಡಿದರು. ಕೂಗೋಣ ಎಂದರೆ ಎದೆಯ ಮೂಳೆಗೆ ತಂತಿ ಹಾಕಿದ್ದರು, ಕೆಮ್ಮಲೂ ಆಗುತ್ತಿರಲಿಲ್ಲ.

"ಬರೆದುಕೊಡು" ಎಂದರು ಅತ್ತಿಗೆ. "ಅಕ್ಕನ ಕೈ ನಡುಗಿರಲಿಲ್ಲ, ಒಣಗಿಸಿದೋನು ನಾನು ಅಂತ."

"ಹೋಗಕ್ಕ."

"ಹೋಗೋದೆಲ್ಲಿಗೆ? ನನ್ನ ಸಾಮಾನು ನಿನ್ನೊಳಗಿದೆ. ಅದು ಇರೋವರೆಗೂ ಬರ್ತಾನೇ ಇರ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ ಸೇಡು. ಹೊರಗಿನವರ ಕಣ್ಣಿಗೆ ಅದು ಸೇಡೇ ಅಲ್ಲ, ಸೇವೆ. ನಮ್ಮವರ ಸಿಗರೇಟು ಬಿಡಿಸಿದರು. ಜೇಬು ತಡಕಿ, ಅಂಗಡಿಯವನಿಗೆ ಹೇಳಿ, ಕೊಟ್ಟರೆ ನಿನ್ನ ಅಂಗಡಿಯ ಮುಂದೆ ಕೂರುತ್ತೇನೆ ಎಂದು ಹೆದರಿಸಿ ಬಿಡಿಸಿದರು. ಉಪ್ಪು ಕಡಿಮೆ ಮಾಡಿಸಿದರು. ಹಲ್ಲಿನ ಕೊಳೆ ರಕ್ತಕ್ಕೆ ಸೇರಿದರೆ ವಾಲ್ವಿಗೆ ಸೋಂಕು ಹತ್ತುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಆರು ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಅಲ್ಲಿ ಕೂತವರ ಮುಂದೆಯೇ, "ಬಾಯಿ ದೊಡ್ಡದಾಗಿ ತೆಗಿ. ಸುಳ್ಳು ಹೇಳೋವಾಗ ತೆಗೀತಿದ್ದೆಯಲ್ಲ, ಅಷ್ಟು" ಎನ್ನುತ್ತಿದ್ದರು. ಎಲ್ಲಿಂದಲೋ ಒಂದು ಹಳೆಯ ಸ್ಟೆತಸ್ಕೋಪು ಸಂಪಾದಿಸಿದರು. ಭಾನುವಾರ ನಾಲ್ಕು ಜನ ಕೂತಿರುವಾಗ ತಮ್ಮನ ಅಂಗಿ ಸರಿಸಿ ಎದೆಗೆ ಒತ್ತಿ, ಕಣ್ಣು ಮುಚ್ಚಿ ಕೇಳಿ, "ನಡುಗ್ತಿಲ್ಲಪ್ಪ. ನೆಟ್ಟಗೇ ಇದೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು.

"ಎಂಥ ಅಕ್ಕ ನಿಮಗೆ! ಹೆತ್ತ ತಾಯಿ ಕೂಡ ಇಷ್ಟು ನೋಡ್ಕೊಳ್ಳಲ್ಲ" ಎಂದರು ಪಕ್ಕದ ಮನೆಯ ಟೈಲರು.

ನಮ್ಮವರ ಮುಖ ಬಾಡಿದ ಬದನೆಕಾಯಿ ಆಯಿತು.

ವರ್ಷಕ್ಕೊಮ್ಮೆ ಸ್ಕ್ಯಾನು. ಪ್ರತಿ ವರ್ಷ ಅತ್ತಿಗೆ ಜೊತೆಗೆ. ಪರದೆಯ ಮೇಲೆ ಮೂರು ಎಸಳು ತೆರೆಯುವುದು, ಮುಚ್ಚುವುದು. ಎಸಳು ಚೆನ್ನಾಗಿ ಆಡುತ್ತಿದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅತ್ತಿಗೆ ಕೈ ಚಾಚುತ್ತಿದ್ದರು. "ಬರೆದುಕೊಡು." ನಮ್ಮವರು "ಇಲ್ಲ" ಎನ್ನುತ್ತಿದ್ದರು. ಅತ್ತಿಗೆ "ಸರಿ, ಬರೋ ವರ್ಷ" ಎಂದು ಬಸ್ಸು ಹತ್ತುತ್ತಿದ್ದರು. ಹನ್ನೆರಡು ವರ್ಷ ಇದೇ. ನಮ್ಮವರು ಆ ಹೊತ್ತಿಗೆ ಕೆಲಸದಿಂದ ನಿವೃತ್ತರೂ ಆದರು. ಬರೆದುಕೊಟ್ಟರೆ ಹೋಗುವ ಕೆಲಸವೂ ಇರಲಿಲ್ಲ. ಆದರೂ ಬರೆಯಲಿಲ್ಲ. ಮೂವತ್ತು ವರ್ಷ ಪಾಸು ಫೇಲು ಬರೆದ ಮನುಷ್ಯ, ತಾನೇ ಫೇಲು ಎಂದು ಬರೆಯಲು ಕೈ ಬರಬೇಕಲ್ಲ.

ಹದಿಮೂರನೇ ವರ್ಷ ಡಾಕ್ಟರಮ್ಮ ಪರದೆಯನ್ನು ಹತ್ತಿರದಿಂದ ನೋಡಿದರು. "ಅಂಚಿಗೆ ಸ್ವಲ್ಪ ಸುಣ್ಣ ಕಟ್ಟೋಕೆ ಶುರುವಾಗಿದೆ. ಎಸಳು ಬಿಗಿಯಾಗ್ತಿದೆ" ಎಂದರು.

ನಾನು ಹೆದರಿ ನಮ್ಮವರ ಕೈ ಹಿಡಿದೆ. ಅವರ ಮುಖ ನೋಡಿದರೆ ನಗುತ್ತಿದ್ದಾರೆ! ಸ್ವಂತ ಹೃದಯ ಕೆಡುತ್ತಿದೆ ಎಂದಾಗ ಖುಷಿಪಟ್ಟವರನ್ನು ನಾನು ಅವತ್ತೇ ನೋಡಿದ್ದು. ಮೆಟ್ಟಿಲ ಮೇಲೆ ಅತ್ತಿಗೆ ಕೈ ಚಾಚುವ ಮೊದಲೇ ಅವರು ಹೇಳಿದರು: "ಏನಕ್ಕ, ನಿನ್ನ ಹೊಲಿಗೆ ಬಿಡ್ತಾ?"

ಅತ್ತಿಗೆ ಕೈ ಚಾಚದೆಯೇ ಬಸ್ಸು ಹತ್ತಿದರು. ಎರಡು ದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮೂರನೆಯ ದಿನ ನಾನು ಊಟ ತೆಗೆದುಕೊಂಡು ಹೋದೆ. ಕಿಟಕಿಯ ಬಳಿ ಸೂಜಿ ಹಿಡಿದು ಬೆಳಕಿಗೆ ಎತ್ತಿ ತಮ್ಮ ಕೈಯನ್ನೇ ನೋಡುತ್ತಾ ಕೂತಿದ್ದರು.

"ಅವತ್ತು ನಿಜವಾಗಲೂ ನಡುಗಿತ್ತೇನೋ ಕಣೆ" ಎಂದರು. "ನನಗೇ ತಿಳೀದ ಹಾಗೆ. ಅವನು ಎಳೆದ ಮೂರು ಬಿಡು. ಇದು, ಈ ನಾಲ್ಕನೇದು, ಎಲ್ಲಾದರೂ ಒಂದು ಗಂಟು ಸಡಿಲ ಬಿದ್ದಿತ್ತಾ?"

ನನಗೆ ನಮ್ಮವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಸುಳ್ಳು ಬರೆದು ಕೆಲಸ ಕಿತ್ತುಕೊಂಡರು, ಹೋಗಲಿ. ಇಷ್ಟು ವರ್ಷದ ಮೇಲೆ ಅದೇ ಸುಳ್ಳು ಆಕೆಯ ಒಳಗೇ ಮನೆ ಮಾಡಿತ್ತು. ನಾನು ಅವತ್ತು ಮನೆಗೆ ಬಂದು ನಮ್ಮವರ ತಟ್ಟೆಗೆ ಅನ್ನ ಹಾಕಿ, ಒಂದು ಮಾತೂ ಆಡದೆ ಆಚೆ ಹೋಗಿ ಕೂತೆ. "ಏನಾಯ್ತೇ?" ಎಂದು ಕೇಳಿದರು. "ಕಾರು ನೋಡೋಕೆ ಹೋಗ್ತೀನಿ" ಎಂದೆ.

ಹದಿನೈದನೇ ವರ್ಷಕ್ಕೆ ನಮ್ಮವರಿಗೆ ಅಂಗಳ ದಾಟಿದರೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಗೆ ಸೇರಿಸಿ, ಗಂಟಲಿನಿಂದ ಕೊಳವೆ ಇಳಿಸಿ ಸ್ಕ್ಯಾನು ಮಾಡಿದರು, ದೊಡ್ಡ ಮಿಷನ್ನಿನಲ್ಲೂ ಮಲಗಿಸಿ ತೆಗೆದರು. ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಎರಡು ದಾರಿ ಇದೆ. ಒಂದು, ಎದೆ ಮತ್ತೆ ತೆರೆದು ಹಳೆಯ ವಾಲ್ವು ಕಿತ್ತು ಹೊಸದು ಹಾಕುವುದು. ಇನ್ನೊಂದು, ತೊಡೆಯ ರಕ್ತನಾಳದಿಂದ ಮಡಿಸಿದ ಹೊಸ ವಾಲ್ವನ್ನು ಕಳಿಸಿ, ಹಳೆಯದರ ಹೊಟ್ಟೆಯೊಳಗೇ ಅರಳಿಸಿ ಕೂರಿಸುವುದು. "ನಿಮ್ಮ ಕಿಡ್ನಿ ಸೋತಿದೆ. ಎದೆ ತೆರೆದರೆ ಮೇಜಿನ ಮೇಲಿಂದ ಏಳ್ತೀರಿ ಅಂತ ನಾನು ಮಾತು ಕೊಡಲಾರೆ. ತೊಡೆಯ ದಾರೀನೇ ಸರಿ."

"ತೊಡೆಯಿಂದ ಹಾಕಿದರೆ ಹಳೇದು?" ಎಂದರು ನಮ್ಮವರು.

"ಅಲ್ಲೇ ಇರುತ್ತೆ."

"ಬೇಡ. ಎದೆ ತೆರೀರಿ. ತೆಗೆದು ಈಚೆ ಇಡಿ. ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ನಾನು ನೋಡಬೇಕು."

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ನಾನು ಅತ್ತಿಗೆಯ ಕಡೆ ನೋಡಿದೆ. ವಾಲ್ವು ಈಚೆ ಬಂದರೆ ಅವರಿಗೂ ಸತ್ಯ ಸಿಗುತ್ತಿತ್ತು. ಅವರು ಹೂಂ ಎಂದಿದ್ದರೆ ನಮ್ಮವರು ಅವತ್ತೇ ಸಹಿ ಹಾಕುತ್ತಿದ್ದರು, ಹಟಕ್ಕೆ. ಅತ್ತಿಗೆ ಡಾಕ್ಟರಮ್ಮನನ್ನು ಕೇಳಿದರು: "ಹಳೇದರೊಳಗೆ ಹೊಸದು ಕೂರಬೇಕಾದರೆ ಹಳೇದು ಹೇಗಿರಬೇಕು?"

"ಗಟ್ಟಿಯಾಗಿರಬೇಕು. ಹೊಸದು ಅದನ್ನೇ ಕಚ್ಚಿಕೊಂಡು ನಿಲ್ಲೋದು. ಸಡಿಲ ಇದ್ದರೆ ಈ ದಾರಿ ನಾನು ಹೇಳ್ತಾನೇ ಇರಲಿಲ್ಲ." ಡಾಕ್ಟರಮ್ಮ ಪರದೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ನೋಡಿ, ಉಂಗುರ ಅಲುಗಾಡಿಲ್ಲ. ಮೂರು ಕಂಬದಲ್ಲೂ ಎಸಳು ಕಟ್ಟಿದ ಕಡೆಯೇ ಇದೆ. ಒಂದು ಕಡೆಯೂ ಕಿತ್ತಿಲ್ಲ. ಪೊರೆ ಮಾತ್ರ ಸುಣ್ಣ ಹಿಡಿದು ಗಟ್ಟಿಯಾಗಿದೆ. ಪೊರೆಯ ಆಯುಷ್ಯ ಅಷ್ಟೇ. ಇದು ಹದಿನೈದು ವರ್ಷ ಬಂದಿದ್ದೇ ಹೆಚ್ಚು."

ಅತ್ತಿಗೆ ಕುರ್ಚಿಯ ತೋಳು ಹಿಡಿದುಕೊಂಡರು. "ಇನ್ನೊಂದು ಸಲ ಹೇಳಿ" ಎಂದರು. ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು.

ನಮ್ಮವರು ಆದರೂ ಒಪ್ಪಲಿಲ್ಲ. "ಪರದೇಲಿ ಏನು ಕಾಣ್ತದೆ? ನೆರಳು. ಕಣ್ಣಾರೆ ನೋಡಬೇಕು" ಎಂದು ಮುಖ ಗೋಡೆಗೆ ತಿರುಗಿಸಿ ಮಲಗಿದರು. ನಾನು ಕಾಲು ಹಿಡಿದು ಕೇಳಿದೆ. ಮರುದಿನ ಸಂಜೆಯವರೆಗೂ ಅದೇ ಹಟ. ಉಸಿರು ಮೇಲೆ ಕೆಳಗೆ ಆಗುತ್ತಿದೆ, ಒಪ್ಪಿಗೆಯ ಕಾಗದ ಮೇಜಿನ ಮೇಲೆ ಹಾಗೇ ಇದೆ.

ಅತ್ತಿಗೆ ಸ್ಟೂಲು ಎಳೆದುಕೊಂಡು ಮಂಚದ ಹತ್ತಿರ ಕೂತರು.

"ಆಯ್ತು ಕಣೋ, ತೆಗೆಸು. ನೀನು ಇದ್ದರೂ ಸತ್ತರೂ ವಾಲ್ವು ಈಚೆ ಬರ್ತದೆ. ಅದನ್ನ ಕಾರ್ಖಾನೆಗೆ ಕಳಿಸ್ತಾರೆ. ಈಗ ಆ ಮೇಜಲ್ಲಿ ಕೂತಿರೋರು ದೀಪದ ಕೆಳಗೆ ಇಟ್ಟು ನೋಡ್ತಾರೆ. ಮೊದಲು ಏನು ನೋಡ್ತಾರೆ ಹೇಳು?"

ನಮ್ಮವರು ಗೋಡೆ ನೋಡುತ್ತಲೇ, "ನಂಬರು" ಎಂದರು. ಕೆಲಸದ ಮಾತು ಕೇಳಿದರೆ ಉತ್ತರ ತಾನಾಗಿ ಬರುತ್ತಿತ್ತು ಅವರಿಗೆ.

"ನಂಬರು ಹಿಡಿದು ಕಡತ ತೆಗೀತಾರೆ. ಹೊಲಿದೋಳು ಹದಿನಾಲ್ಕು. ಪಾಸು ಮಾಡಿದೋರು ಯಾರು?"

ನಮ್ಮವರು ಹೊದಿಕೆ ಎಳೆದುಕೊಂಡರು.

"ಹೊಲಿಗೆ ಕೆಟ್ಟಿದ್ದರೆ, ಕೆಟ್ಟ ಹೊಲಿಗೆ ಪಾಸು ಮಾಡಿದ ಕುರುಡ ನೀನು. ಹೊಲಿಗೆ ನೆಟ್ಟಗಿದ್ದರೆ, ಅವತ್ತು ಮಧ್ಯಾಹ್ನ ಸುಳ್ಳು ಬರೆದ ಕಳ್ಳ ನೀನು. ಎರಡರಲ್ಲಿ ಯಾವುದು ಬೇಕು ಆರಿಸ್ಕೋ. ಮೂರನೇದು ಇಲ್ಲ."

ನಮ್ಮವರು ಈ ಕಡೆ ತಿರುಗಿದರು. ಹದಿನೈದು ವರ್ಷ ಎದೆಯಲ್ಲಿಟ್ಟುಕೊಂಡು ಓಡಾಡಿದ ಮನುಷ್ಯನಿಗೆ ಅದು ಹೊಳೆದೇ ಇರಲಿಲ್ಲ. ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿ ಹುಡುಕಿ, ಕೆಳಗಿನ ಪಾಸಿನ ಸಹಿ ತನ್ನದೇ ಎಂಬುದು ಮರೆತುಹೋಗಿತ್ತು. ಆ ಮುಖ ನೋಡಿ ನನಗೆ ಪಾಪ ಎನಿಸಬೇಕಾಗಿತ್ತು. ಎನಿಸಲಿಲ್ಲ.

"ಸ್ಕ್ಯಾನು ಕೊಡು" ಎಂದರು ಕೊನೆಗೆ.

ಅತ್ತಿಗೆ ಅದರ ಪ್ರತಿ ಕೊಟ್ಟರು. ನಮ್ಮವರು ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು, ಹಿಂದೆ ಮೇಜಿನಲ್ಲಿ ಕೂತು ನೋಡುತ್ತಿದ್ದ ಹಾಗೆ, ಒಂದು ಕಂಬದಿಂದ ಇನ್ನೊಂದಕ್ಕೆ. ಆಮೇಲೆ ಪೆನ್ನು ಕೇಳಿದರು. ಸ್ಕ್ಯಾನಿನ ಹಿಂಬದಿಯಲ್ಲಿ ಬರೆದರು. ಕೈ ನಡುಗುತ್ತಿತ್ತು ಅವರದು, ಅಕ್ಷರ ಸೊಟ್ಟಗೆ ಬಂದವು. "ಎಸಳು ಹಳೆಯದಾಗಿದೆ. ಹೊಲಿಗೆಯಲ್ಲಿ ದೋಷವಿಲ್ಲ. ಹೊಲಿದವರು ಹದಿನಾಲ್ಕನೇ ನಂಬರು, ನನ್ನ ಅಕ್ಕ. ಅದೇ ದಿನದ ಇನ್ನು ಮೂರನ್ನು ಒಣಗಿಸಿದ್ದೂ, ದಾರ ಎಳೆದಿದ್ದೂ ನಾನು. ಅಕ್ಕನ ಕೈಯಲ್ಲಿ ನಡುಕ ಇರಲಿಲ್ಲ."

ಸಹಿ ಹಾಕಿದರು. ಅತ್ತಿಗೆ ಓದಿ, "ತಾರೀಕು" ಎಂದರು. ತಾರೀಕು ಹಾಕಿದರು. ಆ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡ ಮೇಲೆಯೇ ಒಪ್ಪಿಗೆಯ ಕಾಗದವನ್ನು ಅವರ ಮುಂದೆ ಇಟ್ಟರು.

"ಈಗ ಕ್ಷಮಿಸಿದೆಯಾ ಅಕ್ಕ?"

"ಇಲ್ಲ. ಮಲಕ್ಕೋ."

ಮರುದಿನ ಬೆಳಗ್ಗೆ ತೊಡೆಯ ದಾರಿಯಿಂದ ಹೊಸ ವಾಲ್ವು ಹೋಗಿ ಹಳೆಯದನ್ನು ಕಚ್ಚಿ ನಿಂತಿತು. ಅತ್ತಿಗೆ ಆಸ್ಪತ್ರೆಯಲ್ಲಿ ಇರಲಿಲ್ಲ. ಬೆಳಗ್ಗೆಯೇ ಎದ್ದು ಕಾರ್ಖಾನೆಗೆ ಹೋಗಿದ್ದರು. ಹಳೆಯ ಮ್ಯಾನೇಜರು ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಇದ್ದವಳು ಅತ್ತಿಗೆಗೆ ಮೊಮ್ಮಗಳಾಗುವ ವಯಸ್ಸಿನವಳು. "ಅಜ್ಜಿ, ಹದಿನೆಂಟು ವರ್ಷದ ಹಿಂದಿನ ಕಡತ, ಈಗ ಯಾರು ನೋಡ್ತಾರೆ?" ಎಂದಳಂತೆ. "ನಾನು ನೋಡ್ತೀನಿ, ತೆಗಿ" ಎಂದು ಮೇಜಿನ ಮುಂದೆ ಕೂತುಬಿಟ್ಟರಂತೆ. ಸಾಯಂಕಾಲ ಐದಕ್ಕೆ ಎದ್ದು ಬಂದರು. ಹದಿನಾಲ್ಕನೇ ನಂಬರಿನ ಕಡತದಲ್ಲಿ ಆ ಹಳೆಯ ಕಾಗದದ ಮೇಲೆ ತಮ್ಮನ ಕಾಗದವನ್ನು ಪಿನ್ನು ಹಾಕಿಸಿ, ಪ್ರತಿಗೆ ಮೊಹರು ಒತ್ತಿಸಿಕೊಂಡು ಬಂದಿದ್ದರು.

ನಮ್ಮವರು ಇನ್ನೂ ನಾಲ್ಕು ವರ್ಷ ಬದುಕಿದರು. ಅತ್ತಿಗೆ ಭಾನುವಾರ ಬರುವುದನ್ನು ಬಿಡಲಿಲ್ಲ, ಹಲ್ಲಿನ ಡಾಕ್ಟರನ್ನು ಬಿಡಲಿಲ್ಲ, ಸಿಗರೇಟಿಗೆ ಜೇಬು ತಡಕುವುದನ್ನೂ ಬಿಡಲಿಲ್ಲ. "ಬರೆದುಕೊಟ್ಟಾಯ್ತಲ್ಲ ತಾಯಿ, ಇನ್ನೂ ಯಾಕೆ ನನ್ನ ಜೀವ ತಿಂತೀಯ?" ಎಂದು ನಮ್ಮವರು ಕೈ ಮುಗಿಯುತ್ತಿದ್ದರು. "ಕಾಗದ ನನ್ನ ಕೈಗೆ ಕೊಟ್ಟೆ. ನನ್ನ ಹದಿನೆಂಟು ವರ್ಷ ಯಾರ ಕೈಗೆ ಕೊಟ್ಟೆ?" ಎನ್ನುತ್ತಿದ್ದರು. ನಮ್ಮವರು ಮತ್ತೆ ಪೇಪರು ಅಡ್ಡ ಹಿಡಿಯುತ್ತಿದ್ದರು.

ಕೊನೆಗೆ ಕಿಡ್ನಿ ಪೂರ್ತಿ ಕೈಕೊಟ್ಟಿತು. ಒಂದು ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಲ್ಲೇ ಹೋದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಮನೆಗೆ ಕರೆದೊಯ್ಯುವ ಮೊದಲು ಮರಣದ ಚೀಟಿ ಬೇಕು ಎಂದು ಅತ್ತಿಗೆಯೇ ಕಚೇರಿಯ ಕಿಟಕಿಗೆ ಹೋದರು. ಗುಮಾಸ್ತ ಬರೆದ ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಓದಿದರು. ಓದಿ ಮತ್ತೆ ಕಿಟಕಿಯೊಳಗೆ ತಳ್ಳಿದರು.

"ಏನಪ್ಪ ಇದು? ಕಾರಣ ಹೃದಯ ನಿಂತಿದ್ದು ಅಂತ ಬರೆದಿದ್ದೀಯ?"

"ಹೃದಯದ ರೋಗಿ ಅಲ್ವಾ ಅಮ್ಮ, ಎರಡು ವಾಲ್ವು ಹಾಕಿದ್ದಾರೆ ಅಂತ ಕಡತದಲ್ಲಿದೆ. ಕೊನೆಗೆ ಎಲ್ಲರದ್ದೂ ಹೃದಯವೇ ನಿಲ್ಲೋದು."

"ಇವನದ್ದು ಕಿಡ್ನಿ ಮೊದಲು ನಿಂತಿದ್ದು. ಹೃದಯಕ್ಕೆ ಏನೂ ಆಗಿರಲಿಲ್ಲ. ಡಾಕ್ಟರನ್ನ ಕೇಳಿ ಬಾ, ನಾನು ಇಲ್ಲೇ ನಿಂತಿರ್ತೀನಿ."

ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಅತ್ತಿಗೆ ಅಲುಗಲಿಲ್ಲ. ಗುಮಾಸ್ತ ಎದ್ದು ಹೋಗಿ ಕೇಳಿ ಬಂದ, ಹೊಸ ಚೀಟಿ ತೆಗೆದು ಬರೆದ. ಅತ್ತಿಗೆ ಅದರಲ್ಲಿ ಕಿಡ್ನಿ ಎಂದಿರುವುದನ್ನು ಬೆರಳಿಟ್ಟು ನೋಡಿಕೊಂಡರು. ಆಮೇಲೆ ನನ್ನ ಪಕ್ಕ ಬಂದು ಕೂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ತಮ್ಮನಿಗಾಗಿ ಗೊಳೋ ಎಂದು ಅತ್ತರು.